ಟಾರ್ನ್‌ರಿಗ್ ಗುಡ್ಡದ ಪೆಟ್ಟಿಗೆ

ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಗುಡ್ಡದ ಪೆಟ್ಟಿಗೆ ಮುಟ್ಟಬಾರದು. ಟಾರ್ನ್‌ರಿಗ್ ರೇಡಿಯೊ ಕ್ಲಬ್ಬಿನಲ್ಲಿ ಬರೆದಿಟ್ಟ ನಿಯಮಗಳು ಬೇಕಾದಷ್ಟಿವೆ, ಅವನ್ನು ಯಾರೂ ಪಾಲಿಸುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಇದನ್ನು ಮಾತ್ರ ಎಲ್ಲರೂ ಪಾಲಿಸುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರ ಚಳಿಗಾಲದ ಹಗಲಿಗೆ ಹೊಂದುವಂತೆ ಊರಿನ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದೆ ಸರಿಯುತ್ತವೆ, ಕುರಿಗಳು ಕೆಳಗಿಳಿಯುತ್ತವೆ. ಅಲ್ಲಿಂದ ಈಸ್ಟರ್ ಬರುವ ತನಕ ನೆತ್ತಿಯ ಮೇಲಿನ ಕಲ್ಲಿನ ಗೂಡಿನಲ್ಲಿ ಕೂತ ಆ ಪೆಟ್ಟಿಗೆಗೆ ಕೆಳಗಿನಿಂದಲೇ ಕೈ ಮುಗಿಯಬೇಕು, ಅಷ್ಟೆ. ಯಾಕೆಂದರೆ ಅದು ಕೆಟ್ಟರೆ ರಿಪೇರಿಗೆ ಹತ್ತಿ ಹೋಗುವ ದಾರಿ ಹಿಮದಡಿಗೆ ಬಿದ್ದಿರುತ್ತದೆ.

ಪೆಟ್ಟಿಗೆ ಅಂದರೆ ಏನು ಮಹಾ? ಒಂದು ಹಳೇ ಕಂಪ್ಯೂಟರು, ಅದರ ಅಕ್ಷರಗಳನ್ನು ರೇಡಿಯೊ ದನಿಯಾಗಿಸುವ, ಅದಕ್ಕಿಂತ ಹಳೇ ಮೋಡೆಮ್ಮು, ಒಂದು ರೇಡಿಯೊ, ಕೆಳಗೆ ಬ್ಯಾಟರಿ, ಸೂರಿನ ಮೇಲೆ ಗಾಳಿಗೆ ತಿರುಗುವ ಪುಟ್ಟ ರೆಕ್ಕೆ. ಈಚೆ ಕಣಿವೆಯಲ್ಲಿ ಕೂತು ಟೈಪ್ ಮಾಡಿದ ಕಾಗದ ಚೂರುಚೂರಾಗಿ ಗಾಳಿಯಲ್ಲಿ ಹಾರಿ ಅದನ್ನು ಸೇರುತ್ತದೆ, ಅದು ಚೂರುಗಳನ್ನೆಲ್ಲ ಜೋಡಿಸಿ ಕೊಲ್ಲಿಯಾಚೆ ಸ್ಕಾಟ್ಲೆಂಡಿನ ದಂಡೆಗೆ ಎಸೆಯುತ್ತದೆ. ಪ್ಯಾಕೆಟ್ ರೇಡಿಯೊ ಅನ್ನುತ್ತಾರೆ. ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಇದೇನ್ರಪ್ಪ ಹುಚ್ಚು ಎಂದು ಕೇಳಿದರೆ ಕ್ಲಬ್ಬಿನವರದು ಒಂದೇ ಉತ್ತರ: "ಇದರಲ್ಲಿ ಯಾರ ಹಂಗೂ ಇಲ್ಲ." ಅದೂ ನಿಜವೇ. ಮೊಬೈಲಿಗೆ ಬಿಲ್ಲು ಬರುತ್ತದೆ, ಇದಕ್ಕೆ ಬರುವುದಿಲ್ಲ.

ನೆವಿಲ್ ಟೀಸ್‌ಡೇಲ್‌ಗೆ ಆ ನಿಯಮ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಕ್ಲಬ್ಬಿಗೆ ಹೊಸದಾಗಿ ಬಂದವರಿಗೆ ಅದನ್ನು ಕಿವಿ ಹಿಂಡಿ ಹೇಳಿಕೊಡುತ್ತಿದ್ದವನೇ ಅವನು. ಕೌನ್ಸಿಲ್ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದು ನಿವೃತ್ತನಾದ ಮನುಷ್ಯ. ಪೆಟ್ಟಿಗೆಯೊಳಗೆ ಓಡುವ ಪ್ರೋಗ್ರಾಮು ಅವನ ಸುಪರ್ದಿನಲ್ಲಿತ್ತು. ಬರೆದವನು ಅವನಲ್ಲ, ಎರಿಕ್ ಅಂತ ಒಬ್ಬ ಇದ್ದ. ಪುಣ್ಯಾತ್ಮ ತೀರಿಕೊಳ್ಳುವ ಮುಂಚೆ ಆಸ್ಪತ್ರೆ ಮಂಚದ ಮೇಲಿಂದ ನೆವಿಲ್‌ನ ಕೈ ಹಿಡಿದು, "ಇದನ್ನ ಸಾಯಿಸಬೇಡ ಕಣೋ" ಅಂದಿದ್ದ. ಅವತ್ತಿನಿಂದ ನೆವಿಲ್ ಅದನ್ನು ಸಾಕಿಕೊಂಡು ಬಂದಿದ್ದ. ಹಾಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಕೂಡ ಅದನ್ನು ಬಳಸುವ ನಾಲ್ಕಾರು ಹುಚ್ಚರಿದ್ದರು. ಅವರು ತೋರಿಸಿದ ತಪ್ಪು ತಿದ್ದುವುದು, ಹೊಸ ಯಂತ್ರಗಳಿಗೆ ಹೊಂದಿಸುವುದು, ಎರಿಕ್ ಬರೆದ ಗೂಢವಾದ ಸಾಲುಗಳ ಮುಂದೆ ತಲೆ ಕೆರೆದುಕೊಂಡು ಕೂರುವುದು, ಇದೇ ಅವನ ಬೆಳಗು, ಇದೇ ಅವನ ಬೈಗು.

ಆ ಹಾಲೆಂಡಿನವನೇ ಕಿಡಿ ಹಚ್ಚಿದ್ದು. ನವೆಂಬರಿನಲ್ಲಿ ಅವನಿಂದ ಒಂದು ಸಂದೇಶ ಬಂತು: "ನಿಮ್ಮ ಪ್ರೋಗ್ರಾಂ ಎದ್ದು ಕೂರೋಕೆ ಒಂದು ನಿಮಿಷ ತಗೊಳ್ಳುತ್ತಲ್ಲ, ಅಷ್ಟು ಹೊತ್ತು ಒಳಗೇನು ಮಾಡುತ್ತೆ? ಇಂಗ್ಲಿಷರಲ್ವಾ, ಟೀ ಕಾಯಿಸ್ಕೊಳ್ಳುತ್ತಾ?" ನೆವಿಲ್‌ಗೆ ಅಂಗಾಲಿನಿಂದ ನೆತ್ತಿಗೆ ಉರಿ ಹತ್ತಿತು. ಹುಡುಕಿ ನೋಡಿದರೆ ಹೌದು, ಶುರುವಿನಲ್ಲೇ ಒಂದು ಸಾಲಿತ್ತು. ಏನೂ ಮಾಡದೆ ಒಂದು ನಿಮಿಷ ಸುಮ್ಮನೆ ಕೂರು ಎಂದು ಕಂಪ್ಯೂಟರಿಗೆ ಹೇಳುವ ಸಾಲು. ಅದರ ಪಕ್ಕದಲ್ಲಿ ಎರಿಕ್ ತನ್ನ ಟಿಪ್ಪಣಿ ಬರೆದಿದ್ದ: "ಪಾಪ ಮುದುಕ, ಅವನಿಗೆ ಒಂದು ನಿಮಿಷ ಕೊಡಿ." ಯಾವ ಮುದುಕ, ಯಾಕೆ ನಿಮಿಷ, ಒಂದೂ ಇಲ್ಲ. ಎರಿಕ್‌ನ ತಮಾಷೆ ಇದ್ದೀತು ಅಂದುಕೊಂಡ ನೆವಿಲ್ ಅದನ್ನು ಅಳಿಸಿ ಹಾಕಿದ.

ಅಡುಗೆಮನೆ ಮೇಜಿನ ಮೇಲೆ ತನ್ನ ಹತ್ತಿರವಿದ್ದ ಅಂಥದೇ ಹಳೇ ಮೋಡೆಮ್ಮಿಗೆ ಜೋಡಿಸಿ ಪರೀಕ್ಷೆ ಮಾಡಿದ. ಗುಂಡಿ ಒತ್ತಿದ ತಕ್ಷಣ ಎದ್ದು ಕೂತಿತು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹಾಲೆಂಡಿನವನಿಗೆ ಬರೆಯಬೇಕಲ್ಲ, ನಮ್ಮ ಗುಡ್ಡದ ಮೇಲೇ ಓಡುತ್ತಿದೆ ನೋಡು ಎಂದು! ಮಂಗಳವಾರ ಮಧ್ಯಾಹ್ನ ಹೊಸ ಪ್ರೋಗ್ರಾಮನ್ನು ಅದೇ ರೇಡಿಯೊ ಮೂಲಕ ಚೂರುಚೂರಾಗಿ ಗುಡ್ಡಕ್ಕೆ ಕಳಿಸಿದ. ಕತ್ತಲಾಗುವಷ್ಟರಲ್ಲಿ ಕೊನೆಯ ಚೂರೂ ಮುಟ್ಟಿತು. ಗಡಿಯಾರ ಹಿಂದಿಟ್ಟು ಮೂರನೇ ವಾರ. ಹೆಂಡತಿ ಮೊಯಿರಾ ಆಚೆ ಕೋಣೆಯಲ್ಲಿ ಹಾಡು ಅಭ್ಯಾಸ ಮಾಡುತ್ತಿದ್ದಳು. ಯಾರೂ ನೋಡುತ್ತಿರಲಿಲ್ಲ. "ಮಲಗಿ ಏಳು" ಎಂಬ ಆಜ್ಞೆ ಕೊಟ್ಟ.

ಪೆಟ್ಟಿಗೆ ಮಲಗಿತು. ಏಳಲಿಲ್ಲ.

ಹತ್ತು ಸಲ ಕರೆದ, ಇಪ್ಪತ್ತು ಸಲ ಕರೆದ. ಗುಡ್ಡ ಉಸಿರೆತ್ತಲಿಲ್ಲ. ಕೂತ ಕೊಂಬೆಯನ್ನೇ ಕಡಿದವನು ಕೆಳಗೆ ಬಿದ್ದ ಮೇಲೆ ಕೊಡಲಿ ನೋಡುತ್ತಾನಲ್ಲ, ಹಾಗೆ ಪರದೆ ನೋಡುತ್ತ ಕೂತ. ಮಾರನೆಯ ದಿನ ಒಂದು ಅನುಮಾನ ಬಂದು ಮನೆಯ ಮೋಡೆಮ್ಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನೊಳಗೆ, ಬಟಾಣಿ ಪೊಟ್ಟಣದ ಪಕ್ಕ ಇಟ್ಟ. ಚೆನ್ನಾಗಿ ಕೊರೆದ ಮೇಲೆ ತೆಗೆದು ಜೋಡಿಸಿದರೆ, ಅಯ್ಯೋ ದೇವರೇ, ಅದಕ್ಕೆ ಕಣ್ಣು ಬಿಡಲು ಮುಕ್ಕಾಲು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವನ ಹೊಸ ಪ್ರೋಗ್ರಾಮು "ಮೋಡೆಮ್ ಇಲ್ಲ" ಎಂದು ಕೈ ತೊಳೆದುಕೊಂಡು ನಿಂತುಬಿಟ್ಟಿತ್ತು. ಮುದುಕ ಅಂದರೆ ಆ ಮೋಡೆಮ್ಮು. ಚಳಿಯಲ್ಲಿ ಎದ್ದೇಳಲು ಅವನಿಗೆ ಒಂದು ನಿಮಿಷ ಬೇಕು. ಎರಿಕ್ ಹೇಳಿದ್ದು ಅಷ್ಟೇ.

"ಬಟಾಣಿ ಪಕ್ಕ ಬೆಳಿಗ್ಗೆ ಅದೇನೋ ಇಟ್ಟಿದ್ದೆ?" ಎಂದು ಮೊಯಿರಾ ಅಡುಗೆಮನೆಯಿಂದ ಕೂಗಿದಳು. "ನಿನ್ನ ತಂತಿ-ಪಂತಿ ಎಲ್ಲ ಬೇಯಿಸಿ ಹಾಕ್ಲಾ ರಾತ್ರಿಗೆ?"

"ಒಂದು ಪರೀಕ್ಷೆ ಮಾಡ್ತಿದ್ದೆ ಕಣೇ."

"ಪಾಸಾಯ್ತಾ?"

"ಆಯ್ತು" ಎಂದ ನೆವಿಲ್. ಅದೊಂದು ಸುಳ್ಳಲ್ಲ. ಮೋಡೆಮ್ಮು ಪಾಸಾಗಿತ್ತು.

ಒಪ್ಪಿಕೊಂಡುಬಿಡಬೇಕು ಎಂದೇ ಅವನು ಡಿಸೆಂಬರಿನ ಮೊದಲ ಗುರುವಾರ ಕ್ಲಬ್ಬಿಗೆ ಹೋದದ್ದು. ಅದನ್ನು ನಂಬಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ: ನಗೆಯಾಡಿ ಹೇಳುವುದು, ಹಾಲೆಂಡಿನವನಿಗೆ ನಾಲ್ಕು ಬೈಯುವುದು, ಆಮೇಲೆ ಎಲ್ಲರೂ ತನ್ನ ಕಾಲೆಳೆಯುವುದು, ಮುಗಿಯಿತು. ಕ್ಲಬ್ಬು ಸೇರುತ್ತಿದ್ದದ್ದು ಚಾಪೆಲಿನಲ್ಲಿ, ಅಂದರೆ ಊರಿನ ಪುಟ್ಟ ಚರ್ಚಿನಲ್ಲಿ; ಅದರ ಹಿಂದಿನ ಕೋಣೆಯಲ್ಲಿ ಹೀಟರು ಹಚ್ಚಿದ್ದರು. ಕಾರ್ಯದರ್ಶಿ ಬ್ರೆಂಡಾ ಟೀ ಬಗ್ಗಿಸಿ, ಶುಂಠಿ ಬಿಸ್ಕತ್ತಿನ ತಟ್ಟೆ ದಾಟಿಸುತ್ತ, "ಸರಿ, ಗುಡ್ಡದ ಪೆಟ್ಟಿಗೆ ಯಾಕೆ ಸತ್ತಿದೆ? ಯಾರಿಗಾದ್ರೂ ಗೊತ್ತಾ?" ಎಂದಳು. ನೆವಿಲ್ ಬಾಯಲ್ಲಿದ್ದ ಬಿಸ್ಕತ್ತು ನುಂಗಿ ಮಾತು ಶುರು ಮಾಡಬೇಕು, ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ವಿಲ್ಫ್ ಮೇಷ್ಟ್ರು ಎದ್ದು ನಿಂತರು.

ವಿಲ್ಫ್ ನ್ಯಾಟ್ರಸ್ ಆ ಕಣಿವೆಯ ಅರ್ಧ ಜನಕ್ಕೆ ಸ್ಕೂಲಿನಲ್ಲಿ ಸಂಗೀತ ಹೇಳಿಕೊಟ್ಟವರು. ನೆವಿಲ್‌ಗೂ ಹೇಳಿಕೊಟ್ಟಿದ್ದರು, ಹತ್ತಲಿಲ್ಲ. ಎಂಬತ್ತು ದಾಟಿದ ಮೇಲೂ ಭಾನುವಾರ ಚಾಪೆಲಿನಲ್ಲಿ ಆರ್ಗನ್ ಬಾರಿಸುವವರು ಅವರೇ. ಗುಡ್ಡದ ಬ್ಯಾಟರಿ ಅವರ ಪಾಲಿನ ಕೆಲಸ. ಬೇಸಿಗೆ ಮುಗಿಯುವ ಹೊತ್ತಿಗೆ ಯಾರದಾದರೂ ಗಾಡಿಯಲ್ಲಿ ಹತ್ತಿ ಹೊಸ ಬ್ಯಾಟರಿ ಕೂರಿಸಿ, ನಟ್ಟು ಬಿಗಿದು, ಗೂಡಿಗೆ ಬೀಗ ಹಾಕಿ ಬರುತ್ತಿದ್ದರು. ಆ ಬೀಗದ ಕೈ ಸದಾ ಅವರ ಕೋಟಿನ ಒಳಜೇಬಿನಲ್ಲಿ. ಎರಡು ವರ್ಷದಿಂದ ಅವರ ಬಲಗೈ ನಡುಗುತ್ತಿತ್ತು. ಎಲ್ಲರೂ ನೋಡಿದ್ದರು, ಯಾರೂ ಆಡುತ್ತಿರಲಿಲ್ಲ.

"ಅದು ನಂದು" ಎಂದರು ಮೇಷ್ಟ್ರು. "ನಟ್ಟು ಸರಿಯಾಗಿ ಬಿಗಿದಿಲ್ಲ ನಾನು. ಬಿಗಿದೆ ಅಂತ ಅನ್ಸುತ್ತೆ, ಆದ್ರೆ ಈ ಕೈ ಬಿಗೀತೋ ಇಲ್ವೋ, ಯಾರಿಗೆ ಗೊತ್ತು? ಗಾಳಿಗೆ ಅಲ್ಲಾಡಿ ಬಿಟ್ಕೊಂಡಿರುತ್ತೆ. ಬೇರೇನೂ ಅಲ್ಲ."

"ಛೆ, ಹಾಗ್ಯಾಕಂತೀರಿ ಮೇಷ್ಟ್ರೇ" ಎಂದಳು ಬ್ರೆಂಡಾ. ಆದರೆ ಆ ಛೆಯಲ್ಲಿ ಬಲವಿರಲಿಲ್ಲ. ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಟೀ ಲೋಟ ನೋಡಿಕೊಂಡರು. ಅವರಿಗೂ ಅದೇ ಅನ್ನಿಸಿತ್ತು, ಪಾಪ. ನೆವಿಲ್ ಕೂಡ ಲೋಟ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ವಾಸಿ, ಆ ಒಂದು ಚೇಷ್ಟೆಯಿಂದ ಸಿಕ್ಕಿಬೀಳುತ್ತಾನೆ. ಇವನು ಹೆಗಲನ್ನೂ ಮುಟ್ಟಲಿಲ್ಲ. ಬಿಸ್ಕತ್ತು ಅಗಿಯುತ್ತಲೇ ಇದ್ದ. ಅದು ಎಂದೋ ಕರಗಿಹೋಗಿತ್ತು, ಆದರೂ ಅಗಿಯುತ್ತಿದ್ದ.

ಮೇಷ್ಟ್ರು ಒಳಜೇಬಿಗೆ ಕೈ ಹಾಕಿದರು. ಬೀಗದ ಕೈ ಬಟ್ಟೆಗೆ ಸಿಕ್ಕಿಕೊಂಡು ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. "ನೆವಿಲ್, ತಗೋ. ನಿನ್ನ ಕೈ ಗಟ್ಟಿ, ನಿಂಗೆ ಜವಾಬ್ದಾರಿ ಗೊತ್ತು. ಈಸ್ಟರಿಗೆ ಹತ್ತಿ ನೋಡು. ಮುಂದಕ್ಕೂ ನೀನೇ ನೋಡ್ಕೊ."

ಈಗಲಾದರೂ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು, ಉಳಿದದ್ದು ತಾನಾಗಿ ಉದುರುತ್ತಿತ್ತು. ನೆವಿಲ್ ಬಾಯಿ ತೆರೆದ. "ನೀವೇನೂ ಯೋಚ್ನೆ ಮಾಡ್ಬೇಡಿ ಮೇಷ್ಟ್ರೇ" ಅಂದ. ಕೈ ಚಾಚಿ ಬೀಗದ ಕೈ ಈಸಿಕೊಂಡ. ನಾಚಿಕೆಗೆಟ್ಟ ಕೈ! ಒಂದಿಷ್ಟೂ ನಡುಗಲಿಲ್ಲ.

ಆಮೇಲಿನ ದಿನಗಳಲ್ಲಿ ಅದು ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಬೀಗದ ಕೈಯನ್ನು ಮೇಜಿನ ಡ್ರಾಯರಿನಲ್ಲಿಟ್ಟ, ಡ್ರಾಯರು ತೆಗೆಯುವುದನ್ನೇ ಬಿಟ್ಟ. ತನಗೆ ತಾನೇ ವಕೀಲನಾಗಿ ವಾದಿಸಿದ: ನಟ್ಟು ನಿಜವಾಗಿಯೂ ಸಡಿಲವಿದ್ದರೆ? ಮೇಷ್ಟ್ರಿಗೆ ವಯಸ್ಸಾಗಿದ್ದು ಸುಳ್ಳೇ? ಆ ಕೈ ಇಟ್ಟುಕೊಂಡು ಎಷ್ಟು ದಿನ ಗುಡ್ಡ ಹತ್ತಿಯಾರು? ಹೇಗಿದ್ದರೂ ಬಿಡಬೇಕಾದ ಕೆಲಸವನ್ನು ತಾನಾಗಿ ಬಿಟ್ಟರು, ಮರ್ಯಾದೆಯಾಗಿ ಬಿಟ್ಟರು. ಹೀಗೆಲ್ಲ ವಾದಿಸಿ ಗೆದ್ದು ಮಲಗುತ್ತಿದ್ದ, ಬೆಳಿಗ್ಗೆ ಸೋತು ಏಳುತ್ತಿದ್ದ.

ಮೇಷ್ಟ್ರಿಗೆ ಆಚೆ ದಂಡೆಯಲ್ಲಿ ಒಬ್ಬ ಗೆಳೆಯನಿದ್ದ, ಹಡಗಿನ ಕೆಲಸ ಬಿಟ್ಟು ಮನೆ ಸೇರಿದ ಮುದುಕ. ಇಬ್ಬರೂ ಪೆಟ್ಟಿಗೆಯ ಮೂಲಕ ದಿನಕ್ಕೊಂದು ನಡೆಯಂತೆ ಚದುರಂಗ ಆಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಈಗ ಆಟ ನಡುವೆಯೇ ನಿಂತಿತ್ತು. ಅಂಚೆ ಕಚೇರಿಯಲ್ಲಿ ಸಿಕ್ಕಾಗ ಮೇಷ್ಟ್ರೇ ಹೇಳಿದರು: "ನನ್ನ ಆನೆ ಅವನ ರಾಣಿ ಮುಂದೆ ನಿಂತ್ಬಿಟ್ಟಿದೆ ಕಣೋ. ಸೋಲ್ತೀನಿ ಅಂತ ಓಡ್ಹೋದ ಅಂದ್ಕೊಂಡಿರ್ತಾನೆ, ಆ ಬಡ್ಡೀಮಗ."

"ಫೋನ್ ಮಾಡ್ಬಹುದಲ್ಲ ಮೇಷ್ಟ್ರೇ?"

"ಫೋನಲ್ಲಿ ಏನಂತ ಹೇಳ್ಲಿ? ನಾನು ಬಿಗಿದ ನಟ್ಟು ಬಿಚ್ಕೊಂತು ಅಂತ್ಲಾ?" ಮೇಷ್ಟ್ರು ನಕ್ಕರು. ನೆವಿಲ್‌ಗೂ ನಗಬೇಕಾಯಿತು. ಆ ನಗು ಎಷ್ಟು ಹೊತ್ತಾದರೂ ಮುಖದಿಂದ ಇಳಿಯಲಿಲ್ಲ, ಮನೆಗೆ ಬಂದು ಮುಖ ತೊಳೆದುಕೊಂಡ.

ಕ್ರಿಸ್ಮಸ್ ಹಿಂದಿನ ಭಾನುವಾರ ಮೊಯಿರಾ ಚಾಪೆಲಿನಿಂದ ಬಂದವಳು ಕೋಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದಳು. ಅವಳು ಅಲ್ಲಿನ ಹಾಡುಗಾರರ ಗುಂಪಿನಲ್ಲಿದ್ದಳು. ನೆವಿಲ್ ಕ್ರಿಸ್ಮಸ್‌ಗೆ ಬಿಟ್ಟರೆ ಪ್ರಾರ್ಥನೆಗೆ ಅಂತ ಆ ಕಡೆ ತಲೆ ಹಾಕುತ್ತಿರಲಿಲ್ಲ.

"ಈ ಸಲ ಆರ್ಗನ್ ಇಲ್ವಂತೆ" ಎಂದಳು. "ಸಿ.ಡಿ. ಹಾಕ್ತಾರಂತೆ. ಕ್ರಿಸ್ಮಸ್ ಹಾಡಿಗೆ ಸಿ.ಡಿ.! ನಾವೇನು ಸೂಪರ್‌ಮಾರ್ಕೆಟ್ಟಾ?"

"ಯಾಕೆ, ಮೇಷ್ಟ್ರಿಗೆ ಹುಷಾರಿಲ್ವಾ?"

"ಹುಷಾರಾಗೇ ಇದ್ದಾರೆ. ಮೂರು ವಾರದಿಂದ ಮುಟ್ಟಿಲ್ವಂತೆ. ನಾನೇ ಹೋಗಿ ಕೇಳ್ದೆ. ಏನಂದ್ರು ಗೊತ್ತಾ? 'ಒಂದು ನಟ್ಟು ಬಿಗಿಯೋಕೆ ಆಗದವನು ಜನರ ಮುಂದೆ ಬಾರಿಸ್ಬಾರ್ದು ಮೊಯಿರಾ. ತಪ್ಪು ಮಾಡಿದ್ರೂ ನಂಗೆ ಗೊತ್ತೇ ಆಗಲ್ಲ ಅಂತ ಈಗ ತಿಳೀತು' ಅಂದ್ರು. ನಂಗೆ ಅಳು ಬಂದ್ಬಿಡ್ತು."

ಒಂದು ಸುಳ್ಳಿಗೆ ಇಷ್ಟು ಉದ್ದ ಕಾಲಿರುತ್ತದೆ ಎಂದು ನೆವಿಲ್‌ಗೆ ಗೊತ್ತಿರಲಿಲ್ಲ. ಅದು ಸುಳ್ಳು ಕೂಡ ಅಲ್ಲ, ಬರೀ ಬಾಯಿ ಮುಚ್ಚಿಕೊಂಡಿದ್ದದ್ದು. ಅದೇ ಗುಡ್ಡದಿಂದ ಇಳಿದು, ಕ್ಲಬ್ಬಿನ ಬಾಗಿಲು ದಾಟಿ, ಚಾಪೆಲಿಗೆ ಹೋಗಿ ಆರ್ಗನ್ನಿನ ಮುಚ್ಚಳ ಹಾಕಿ ಬಂದಿತ್ತು.

ಮೊಯಿರಾ ಅವನ ಮುಖವನ್ನೇ ನೋಡುತ್ತಿದ್ದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು. "ನೆವಿಲ್" ಎಂದಳು ಮೆಲ್ಲಗೆ. "ಅವತ್ತು ಫ್ರೀಜರಲ್ಲಿ ಇಟ್ಟಿದ್ದೆಯಲ್ಲ. ಅದು ಯಾಕೆ?"

ಹೇಳಿದ. ಒಂದು ಸಲ ಬಾಯಿ ಬಿಟ್ಟ ಮೇಲೆ ಹಾಲೆಂಡಿನವನಿಂದ ಹಿಡಿದು ಬಿಸ್ಕತ್ತಿನವರೆಗೆ ಎಲ್ಲ ಹೇಳಿದ. ಮೊಯಿರಾ ಬೈಯುತ್ತಾಳೆ ಅಂದುಕೊಂಡಿದ್ದ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಎದ್ದು ಕೋಟು ಬಿಚ್ಚಿ ಮೊಳೆಗೆ ಹಾಕಿದಳು.

"ಈಗ್ಲೇ ಹೋಗು ಮೇಷ್ಟ್ರ ಮನೆಗೆ."

"ಹೋಗ್ತೀನಿ. ಮೊದ್ಲು ಗುಡ್ಡ ಹತ್ತಿ ಸರಿ ಮಾಡಿ ಬರ್ತೀನಿ. ಸರಿ ಮಾಡಿದ ಮೇಲೆ ಹೇಳೋದು ಸುಲಭ."

"ಯಾರಿಗೆ ಸುಲಭ?" ಎಂದಳು ಮೊಯಿರಾ.

ನೆವಿಲ್ ಕಿಟಕಿಗೆ ಹೋಗಿ ಗುಡ್ಡದ ಮೇಲೆ ಹಿಮ ಎಷ್ಟಿದೆ ಎಂದು ನೋಡಿದ. ಹತ್ತುವ ಹಾಗಿರಲಿಲ್ಲ. ಹಾಗೆ ಕ್ರಿಸ್ಮಸ್ ಸಿ.ಡಿ. ಹಾಡಿನಲ್ಲೇ ಕಳೆಯಿತು. ಜನ ಒಂದು ಕಡೆ ಹಾಡಿದರು, ಸಿ.ಡಿ. ತನ್ನ ಪಾಡಿಗೆ ಇನ್ನೊಂದು ಕಡೆ ಹಾಡಿತು. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನೆವಿಲ್ ಅವರಿಗಿಂತ ಮುಂದೆ ಕೂತಿದ್ದ. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.

ಜನವರಿ ನಡುವೆ ನಾಲ್ಕು ದಿನ ಬಿಸಿಲು ಬಿತ್ತು. ಹಗಲು ಕರಗಿದ ಹಿಮ ರಾತ್ರಿಯ ಚಳಿಗೆ ಗಟ್ಟಿಯಾಗಿ ಕಾಲಿಗೆ ಒದಗುವಂತಾಯಿತು. ನೆವಿಲ್ ಡ್ರಾಯರಿನಿಂದ ಬೀಗದ ಕೈ ತೆಗೆದು, ಪುಟ್ಟ ಕಂಪ್ಯೂಟರು, ಫ್ಲಾಸ್ಕಿನಲ್ಲಿ ಟೀ, ಜೇಬಿಗೊಂದು ಪುದೀನ ಮಿಠಾಯಿ ಹಾಕಿಕೊಂಡು ಬೆಳಿಗ್ಗೆಯೇ ಹೊರಟ. ಕುರಿ ತಡೆಯುವ ಕಲ್ಲುಗೋಡೆಯ ಪಕ್ಕದಲ್ಲೇ ದಾರಿ. ಅರವತ್ತಾರರ ಮೊಣಕಾಲು ಹೆಜ್ಜೆಹೆಜ್ಜೆಗೂ ಶಾಪ ಹಾಕಿತು. ಹಾಕಲಿ ಎಂದುಕೊಂಡ. ನೋವಾದಷ್ಟೂ ಲೆಕ್ಕ ಕಳೆಯುತ್ತದೆ ಎಂಬ ಹುಚ್ಚು ಆಸೆ.

ಗೂಡಿನ ಬೀಗಕ್ಕೆ ಮೇಷ್ಟ್ರು ಎಣ್ಣೆ ಸವರಿ ರಬ್ಬರು ತುಂಡು ಹೊದಿಸಿದ್ದರು, ಸಲೀಸಾಗಿ ತಿರುಗಿತು. ಒಳಗೆ ಕಂಪ್ಯೂಟರಿನ ದೀಪ ಉರಿಯುತ್ತಿತ್ತು. ಬ್ಯಾಟರಿ ಬದುಕಿತ್ತು. ನೆವಿಲ್ ಮೊದಲು ಮಾಡಿದ ಕೆಲಸವೆಂದರೆ ಮಂಡಿಯೂರಿ ಬ್ಯಾಟರಿಯ ನಟ್ಟು ಮುಟ್ಟಿ ನೋಡಿದ್ದು. ಅವನೊಳಗಿನ ವಕೀಲ ಇನ್ನೂ ಸತ್ತಿರಲಿಲ್ಲ ನೋಡಿ. ಸಡಿಲವಿರಲಿ, ಒಂದು ಎಳೆಯಾದರೂ ಸಡಿಲವಿರಲಿ ಎಂದು ಬೇಡಿಕೊಂಡೇ ಮುಟ್ಟಿದ.

ಅಲ್ಲಾಡಲಿಲ್ಲ. ಸ್ಪ್ಯಾನರ್ ಹಾಕಿ ತಿರುವಿದ, ಆಗಲೂ ಜಪ್ಪಯ್ಯ ಅನ್ನಲಿಲ್ಲ. ಎರಡು ನಟ್ಟಿಗೂ ಗ್ರೀಸು ಹಚ್ಚಿ, ಗಾಳಿಗೆ ತಂತಿ ಜಗ್ಗದಂತೆ ಕೆಂಪು ಉಣ್ಣೆ ದಾರದಿಂದ ಕಟ್ಟಿ, ಗಂಟಿನ ಮೇಲೊಂದು ಗಂಟು ಹಾಕಿದ್ದರು. ನಡುಗುವ ಕೈಯಲ್ಲಿ ಅಷ್ಟು ಸಣ್ಣ ಗಂಟು ಹಾಕಲು ಎಷ್ಟು ಹೊತ್ತು ಹಿಡಿದಿರಬೇಕು! ಗಾಡಿಯವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಿರಬೇಕು, ಇವರು ಒಳಗೆ ಮಂಡಿಯೂರಿ ಹಲ್ಲಿನಲ್ಲಿ ದಾರ ಕಚ್ಚಿ ಕೂತಿದ್ದಿರಬೇಕು. ನೆವಿಲ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಥೂ ನಿನ್ನ ಜನ್ಮಕ್ಕೆ" ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ. ಕೇಳುವವರು ಯಾರೂ ಇರಲಿಲ್ಲ.

ಸಾಲು ಮತ್ತೆ ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಕ್ಕದ ಟಿಪ್ಪಣಿಯನ್ನೂ ಅಕ್ಷರ ಬಿಡದೆ ಹಾಕಿದ: ಪಾಪ ಮುದುಕ, ಅವನಿಗೆ ಒಂದು ನಿಮಿಷ ಕೊಡಿ. ಮಲಗಿಸಿ ಎಬ್ಬಿಸಿದ. ಪ್ರೋಗ್ರಾಮು ಸುಮ್ಮನೆ ಕೂತಿತು. ಅವನೂ ಕೂತ. ನಿಮಿಷ ತುಂಬುವ ಮುಂಚೆ ಮೋಡೆಮ್ಮು ಒಂದು ಕಣ್ಣು ಬಿಟ್ಟಿತು, ಆಮೇಲೆ ಇನ್ನೊಂದು. ರೇಡಿಯೊ ಗರ್ ಎಂದಿತು. ಗುಡ್ಡ ಮಾತಾಡಿತು.

ಅವನಿನ್ನೂ ಟೀ ಬಗ್ಗಿಸಿಕೊಳ್ಳುತ್ತಿದ್ದ, ಅಷ್ಟರಲ್ಲಿ ಪರದೆಯ ಮೇಲೆ ಒಂದು ಕರೆ ಬಂತು. ವಿಲ್ಫ್ ಮೇಷ್ಟ್ರದು. ನೆವಿಲ್ ಲೋಟ ಕೆಳಗಿಟ್ಟ. ಅಂದರೆ ಅವರು ಇಷ್ಟು ದಿನವೂ ತಮ್ಮ ಯಂತ್ರ ಹಚ್ಚಿಟ್ಟುಕೊಂಡು ಸತ್ತ ಗುಡ್ಡವನ್ನು ಕರೆಯುತ್ತಲೇ ಇದ್ದರು. ಎರಡು ಬೆರಳಲ್ಲಿ ಟೈಪ್ ಮಾಡುವವರು, ಅಕ್ಷರಗಳು ಒಂದೊಂದಾಗಿ ಬಂದವು.

"ಯಾರದು ಮೇಲೆ? ನೆವಿಲ್ಲಾ?"

"ನಾನೇ ಮೇಷ್ಟ್ರೇ."

"ಈ ಹಿಮದಲ್ಲಿ ಹತ್ತಿದ್ಯಾ ಮಾರಾಯಾ! ಹುಚ್ಚಾ ನಿಂಗೆ? ಕಾಲು ಮುರ್ಕೊಂಡಿದ್ರೆ?"

"ಚೆನ್ನಾಗಿದ್ದೀನಿ."

ಆಮೇಲೆ ಬಂತು: "ನಟ್ಟು ಸಡಿಲ ಇತ್ತಾ?"

ನೆವಿಲ್ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕೂತ. ಹೊರಗೆ ರೆಕ್ಕೆ ಗರಗರ ತಿರುಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಸಾಲು ಬಂತು.

"ಬೆಣ್ಣೆ ಹಚ್ಬೇಡ. ಸಡಿಲ ಇತ್ತು ಅಂದ್ರೆ ಇತ್ತು ಅನ್ನು. ನಂಗೀಗ ಅಭ್ಯಾಸ ಆಗಿದೆ."

ಹೌದು ಎಂದು ಬರೆದರೆ ಮುಗಿಯುತ್ತಿತ್ತು. ಪೆಟ್ಟಿಗೆ ಎದ್ದಿತು, ನೆವಿಲ್ ವೀರನಾದ, ಮೇಷ್ಟ್ರಿಗೆ ವಯಸ್ಸಾಯಿತು, ಕತೆ ಸುಖಾಂತ. ನಿಜ ಬರೆದರೋ, ರೇಡಿಯೊದವರಲ್ಲಿ ಗಾಳಿಯ ಮಾತಿಗೆ ಮುಚ್ಚುಮರೆ ಇಲ್ಲ. ರೇಡಿಯೊ ಲೈಸೆನ್ಸಿನ ಮೊದಲ ಪಾಠವೇ ಅದು, ಗುಟ್ಟಿನ ಭಾಷೆ ಬಳಸುವಂತಿಲ್ಲ, ಯಾರು ಬೇಕಾದರೂ ಕೇಳಬಹುದು. ಗುಡ್ಡ ಎದ್ದದ್ದು ನೋಡಿ ಬ್ರೆಂಡಾ ಈಗಾಗಲೇ ಪರದೆಯ ಮುಂದೆ ಕೂತಿರುತ್ತಾಳೆ, ಆಚೆ ದಂಡೆಯ ಮುದುಕನೂ ಕೂತಿರುತ್ತಾನೆ. ಎಲ್ಲರೂ ಓದುತ್ತಾರೆ. ಓದಲಿ ಎಂದುಕೊಂಡು ನೆವಿಲ್ ಟೈಪ್ ಮಾಡಿದ.

"ನಿಮ್ಮ ನಟ್ಟು ಕಲ್ಲಿನ ಹಾಗಿದೆ. ಸ್ಪ್ಯಾನರ್ ಹಾಕಿದ್ರೂ ಅಲ್ಲಾಡಲಿಲ್ಲ. ಪೆಟ್ಟಿಗೆ ಕೆಡಿಸಿದ್ದು ನಾನು. ನವೆಂಬರಲ್ಲಿ ಪ್ರೋಗ್ರಾಂ ಬದಲಾಯಿಸಿ ಕಳಿಸ್ದೆ. ನೀವು ಕ್ಲಬ್ಬಲ್ಲಿ ಎದ್ದು ನಿಂತಾಗ್ಲೇ ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪಾಯ್ತು ಮೇಷ್ಟ್ರೇ."

ಅದು ಚೂರುಚೂರಾಗಿ ಹೋಯಿತು. ಮುಟ್ಟಿದೆ ಎಂದು ಅತ್ತಲಿಂದ ಯಂತ್ರ ಹೇಳಿತು. ಈ ಜನ ಮಾತು ಮುಗಿಸುವಾಗ ಎಪ್ಪತ್ತಮೂರು ಎಂಬ ಸಂಖ್ಯೆ ಹಾಕುತ್ತಾರೆ, ಶುಭವಾಗಲಿ ಅನ್ನುವ ಹಾಗೆ. ಹಗೆಯವನಿಗೂ ಹಾಕದೆ ಬಿಡುವುದಿಲ್ಲ. ನೆವಿಲ್ ಕಾದ. ಪರದೆಯ ಮೇಲೆ ಕೊನೆಗೆ ಬಂದದ್ದು ಪೆಟ್ಟಿಗೆಯದೇ ಸಾಲು, ಮೇಷ್ಟ್ರು ಸಂಪರ್ಕ ಕಡಿದುಕೊಂಡರು ಎಂದು. ಎಪ್ಪತ್ತಮೂರು ಇರಲಿಲ್ಲ.

ಗುಡ್ಡ ಇಳಿದವನು ಮನೆಗೆ ಹೋಗದೆ ನೇರ ಮೇಷ್ಟ್ರ ಬಾಗಿಲಿಗೆ ಹೋದ. ಪ್ಯಾಂಟು ಮೊಣಕಾಲವರೆಗೆ ನೆಂದಿತ್ತು. ಬಾಗಿಲು ತೆರೆಯಿತು, ಒಳಗೆ ಬಾ ಎಂಬ ಮಾತು ಬರಲಿಲ್ಲ. ಮೇಷ್ಟ್ರು ಹೊಸ್ತಿಲ ಮೇಲೇ ನಿಂತು ಕೈ ಚಾಚಿದರು.

"ಬೀಗದ ಕೈ."

ನೆವಿಲ್ ಕೊಟ್ಟ. ಅದು ಮೇಷ್ಟ್ರ ಅಂಗೈ ಮೇಲೆ ಸಣ್ಣಗೆ ಅಲುಗುತ್ತಿತ್ತು.

"ಕೆಡಿಸಿದ್ದಕ್ಕೆ ನಂಗೇನೂ ಬೇಜಾರಿಲ್ಲ" ಎಂದರು. "ಯಾರ ಕೈಲಾದ್ರೂ ಕೆಡುತ್ತೆ, ಎರಿಕ್ ಕೈಲೂ ಕೆಟ್ಟಿತ್ತು. ಆದ್ರೆ ಅವತ್ತು ನಾನು ಎದ್ದು ನಿಂತಾಗ ನೀನು ಪಕ್ಕದಲ್ಲೇ ಕೂತಿದ್ದೆ ಕಣೋ. ತೋಳಿಗೆ ತೋಳು ತಾಕ್ತಿತ್ತು. ಒಂದ್ಸಲ ನನ್ನ ಕೋಟು ಹಿಡ್ದು ಎಳೆದಿದ್ರೆ ಸಾಕಿತ್ತು, ನಾನು ಕೂತ್ಕೊಂಡ್ಬಿಡ್ತಿದ್ದೆ."

ನೆವಿಲ್ ತಲೆ ತಗ್ಗಿಸಿದ. ಹಿಮ ಕರಗಿ ಬೂಟಿನೊಳಗೆ ಇಳಿಯುತ್ತಿತ್ತು.

"ಭಾನುವಾರ ಚಾಪೆಲಿಗೆ ಬಾ" ಎಂದರು ಮೇಷ್ಟ್ರು. "ಮುಂದಿನ ಬೆಂಚಲ್ಲಿ ಕೂರು." ಬಾಗಿಲು ಮುಚ್ಚಿತು.

ಭಾನುವಾರ ಅವನು ಮುಂದಿನ ಬೆಂಚಿನಲ್ಲಿ ಕೂತ. ಊರಿಗೆಲ್ಲ ಸುದ್ದಿ ಗೊತ್ತಾಗಿತ್ತು. ಬ್ರೆಂಡಾ ಅವನನ್ನು ನೋಡಿಯೂ ನೋಡದವಳ ಹಾಗೆ ಟೋಪಿ ಸರಿಪಡಿಸಿಕೊಂಡಳು. ಸಿ.ಡಿ. ಯಂತ್ರ ಮೂಲೆ ಸೇರಿತ್ತು. ಮೇಷ್ಟ್ರು ಬಂದು ಆರ್ಗನ್ನಿನ ಮುಚ್ಚಳ ತೆರೆದರು, ಕೈ ಉಜ್ಜಿಕೊಂಡರು, ಬೆರಳು ಕೀಲಿಗಳ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಶುರು ಮಾಡಿದರು.

ಮೊದಲ ಚರಣ ಹಿಂದಿನ ಹಾಗೇ ಇತ್ತು. ಮೊಯಿರಾಳ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಎರಡನೇ ಚರಣದ ನಡುವೆ ಬಲಗೈ ಒಂದು ಸ್ವರ ತಪ್ಪಿತು. ಬೆನ್ನಿಗೇ ಇನ್ನೊಂದು ತಪ್ಪಿತು. ಆರ್ಗನ್ ನಿಂತೇಹೋಯಿತು. ಹಾಡುತ್ತಿದ್ದವರ ದನಿ ಬರಿದಾಗಿ ಒಂದೆರಡು ಮಾತು ಮುಂದೆ ಹೋಗಿ ನಿಂತುಕೊಂಡಿತು. ಮೇಷ್ಟ್ರು ಕೈಗಳನ್ನೇ ನೋಡುತ್ತಿದ್ದರು. ನೆವಿಲ್‌ಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಕೊನೆಗೆ ಮೇಷ್ಟ್ರು ಅದೇ ಚರಣವನ್ನು ಮೊದಲಿನಿಂದ ಹಿಡಿದರು. ಜನ ಸೇರಿಕೊಂಡರು. ಕೊನೆಯ ತನಕ ಬಾರಿಸಿದರು, ಅಲ್ಲಲ್ಲಿ ತಪ್ಪುತ್ತ, ನಿಲ್ಲದೆ.

ಎಲ್ಲ ಹೊರಗೆ ಹೋದ ಮೇಲೆ ನೆವಿಲ್ ಆರ್ಗನ್ನಿನ ಪಕ್ಕ ಬಂದು ನಿಂತ. ಮೇಷ್ಟ್ರು ಕೋಟು ಹಾಕಿಕೊಳ್ಳುತ್ತಿದ್ದರು.

"ಎರಡನೇ ಚರಣ ಕೇಳಿಸ್ತಾ?"

"ಕೇಳಿಸ್ತು ಮೇಷ್ಟ್ರೇ."

"ನವೆಂಬರ್ ತನಕ ಅಲ್ಲಿ ಒಂದ್ಸಲವೂ ತಪ್ಪಿರ್ಲಿಲ್ಲ ನಾನು. ಆಮೇಲೆ ಮುಟ್ಲೇ ಇಲ್ಲ. ಈ ವಯಸ್ಸಲ್ಲಿ ಒಂದೂವರೆ ತಿಂಗಳು ಕೈ ಬಿಟ್ರೆ ಬೆರಳಿಗೆ ಮರ್ತೋಗುತ್ತೆ. ಬಿಡದಿದ್ರೂ ಮರೀತಿತ್ತೋ ಏನೋ." ಅವರು ತಲೆಯೆತ್ತಿ ಅವನನ್ನು ನೋಡಿದರು. ಕೋಪವಿರಲಿಲ್ಲ, ತಿಳಿದುಕೊಳ್ಳುವ ಆಸೆ ಮಾತ್ರ ಇತ್ತು. "ನೀನು ಲೆಕ್ಕದವನು, ಹೇಳು. ಆ ತಪ್ಪು ಯಾರ್ದು, ನಂದಾ ನಿಂದಾ?"

ಇದನ್ನು ಇಟ್ಟು ನೋಡಲು ನೆವಿಲ್‌ನ ಹತ್ತಿರ ಯಾವ ಫ್ರೀಜರೂ ಇರಲಿಲ್ಲ.

ಮೇಷ್ಟ್ರು ಉತ್ತರಕ್ಕೆ ಕಾಯದೆ ಕೋಟಿನ ಗುಂಡಿಗೆ ಕೈ ಹಾಕಿದರು. ಗುಂಡಿ ತೂತಿನ ಹತ್ತಿರ ಬಂದು ಜಾರಿತು, ಮತ್ತೆ ಬಂದು ಮತ್ತೆ ಜಾರಿತು. ನೆವಿಲ್ ಸಹಾಯಕ್ಕೆಂದು ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಗುಂಡಿ ಸೇರುವ ತನಕ ಅಲ್ಲೇ ನಿಂತಿದ್ದ.